ಅರವತ್ಮೂರಕ್ಕೆ ದೇಶ ದಾಟಿ ನಡೆಯಬಹುದಾ, ಡಾಕ್ಟ್ರೇ?

ಪ್ರಶ್ನೆ: ನನಗೆ 63 ವರ್ಷ. ಊರು ಮೂರ್ನಾಡಿನ ಹತ್ತಿರ. ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದೆ, ನಿವೃತ್ತಿಯಾಗಿ ಮೂರು ವರ್ಷ. ನಮ್ಮ ಯಜಮಾನರು ಕಿಡ್ನಿ ಕಾಯಿಲೆಯಿಂದ ತೀರಿಕೊಂಡರು. ಕಡೆಯ ಎರಡು ವರ್ಷ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಮಡಿಕೇರಿಗೆ ಹೋಗಿ ಬರುತ್ತಿದ್ದೆವು. ಡಯಾಲಿಸಿಸ್‌ಗಿಂತ ಜೀಪಿನ ಬಾಡಿಗೆಯೇ ಭಾರ ಆಗುತ್ತಿತ್ತು. ಬಾಡಿಗೆಗೆ ಕಾಸಿಲ್ಲದೆ ಸರದಿ ತಪ್ಪಿಸುವವರನ್ನು ಕಣ್ಣಾರೆ ನೋಡಿದ್ದೇನೆ. ಅಂಥವರ ಬಾಡಿಗೆಗೆ ಹಣ ಕೂಡಿಸಲು ದೂರ ನಡೆಯಬೇಕು ಅಂತ ಆಸೆ. ಇಂಗ್ಲೆಂಡಿನಿಂದ ರೋಮ್‌ವರೆಗೆ ಹಳೆಯ ಯಾತ್ರೆಯ ದಾರಿ ಇದೆಯಂತೆ. ಇಲ್ಲವೇ ಮನೆಯಿಂದಲೇ ಹೊರಟು ನೇಪಾಳದ ಲುಂಬಿನಿಗೆ ಹೋಗಬಹುದಾ? ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಇಳಿಜಾರಿನಲ್ಲಿ ಬಲ ಮಂಡಿ ನೋಯುತ್ತದೆ. ಮಗ "ಅಮ್ಮ, ನಿನಗೇನು ಹುಚ್ಚಾ" ಎನ್ನುತ್ತಾನೆ. ನೀವೇನು ಹೇಳುತ್ತೀರಿ?

ಉತ್ತರ: ಟೀಚರೇ, ಹುಚ್ಚೇನೂ ಅಲ್ಲ. ಆದರೆ ನೀವು ಬರೆದ ಎರಡು ದಾರಿಯೂ ಮೊದಲ ಸಲಕ್ಕೆ ಬೇಡ. ಯಾಕೆ ಅಂತ ಹೇಳುವ ಮೊದಲು ನನ್ನ ಕಾಲುಗುರಿನ ಕಥೆ ಹೇಳಿಬಿಡುತ್ತೇನೆ.

ಸೈನ್ಯದಲ್ಲಿ ಡಾಕ್ಟರ್ ಕೆಲಸ ಮುಗಿಸಿ ಊರಿಗೆ ಬಂದ ಮೇಲೆ, 61ನೇ ವಯಸ್ಸಿನಲ್ಲಿ, ನಾನು ಕಮೀನೊ ಎಂಬ ಹಳೆಯ ಯಾತ್ರೆಯ ದಾರಿ ನಡೆಯಲು ಹೋದೆ. ಫ್ರಾನ್ಸಿನ ಸಾಂ ಜಾಂ ಪಿಯೆ ದ ಪೋರ್ ಎಂಬ ಸಣ್ಣ ಊರಿನಿಂದ ಸ್ಪೇನಿನ ಸಾಂಟಿಯಾಗೊ ದ ಕಾಂಪೊಸ್ಟೆಲಾವರೆಗೆ, ಸುಮಾರು 780 ಕಿ.ಮೀ. ಮೊದಲ ದಿನವೇ ಪಿರೆನೀಸ್ ಬೆಟ್ಟ. ಸುಮಾರು 25 ಕಿ.ಮೀ. ದೂರ, 1,200 ಮೀಟರಿಗೂ ಜಾಸ್ತಿ ಏರು. ಪುಷ್ಪಗಿರಿ, ತಡಿಯಂಡಮೋಳು ಹತ್ತಿ ಬೆಳೆದವನಿಗೆ ಇದ್ಯಾವ ಲೆಕ್ಕ ಅಂದುಕೊಂಡೆ. ಹತ್ತಿದ್ದೂ ಹಾಗೇ, ನಲವತ್ತರ ಹುಡುಗರನ್ನೆಲ್ಲ ಹಿಂದೆ ಹಾಕಿ. ಆಚೆ ರೊನ್ಸೆಸ್ವಾಯೆಸ್ ಕಡೆ ಇಳಿಯುವಾಗ ಹೆಬ್ಬೆರಳು ಶೂವಿನ ತುದಿಗೆ ಹೊಡೆಯುತ್ತಿತ್ತು. ನಿಂತು ಲೇಸ್ ಬಿಗಿ ಮಾಡಿಕೊಳ್ಳುವುದಕ್ಕೂ ಸೋಮಾರಿತನ. ರಾತ್ರಿ ಸಾಕ್ಸ್ ಬಿಚ್ಚಿದರೆ ಎರಡೂ ಉಗುರು ಗಿಡದಲ್ಲೇ ಒಣಗಿದ ಕಾಫಿ ಹಣ್ಣಿನ ಹಾಗೆ ಕಪ್ಪಾಗಿತ್ತು.

ಉಗುರು ಹೋದರೆ ಹೋಗಲಿ, ಮತ್ತೆ ಬರುತ್ತದೆ. ಬೆಳಿಗ್ಗೆ ಎದ್ದು ನೆಲಕ್ಕೆ ಕಾಲಿಟ್ಟರೆ ಮಂಡಿ ಮಡಚಲಿಲ್ಲ ನೋಡಿ, ಆಗ ಗಾಬರಿಯಾಯಿತು. ಹೇಗೋ ಕುಂಟಿಕೊಂಡು ಪಾಂಪ್ಲೋನಾ ತಲುಪಿ ನಾಲ್ಕು ದಿನ ಕೂತೆ. ಮೂರನೇ ದಿನ, ಎಪ್ಪತ್ತು ದಾಟಿದ ಒಬ್ಬ ಡಚ್ ಅಜ್ಜಿ ಅಲ್ಲಿಗೆ ಆರಾಮವಾಗಿ ಬಂದು ಇಳಿದರು. ಅವರು ಮೊದಲ ದಿನ ನಡೆದದ್ದು ಬರೀ 8 ಕಿ.ಮೀ. ಬೆಟ್ಟದ ಅರ್ಧದಲ್ಲಿ ಒರಿಸೊನ್ ಎಂಬ ತಂಗುಮನೆ ಇದೆ, ಅಲ್ಲೇ ಉಳಿದಿದ್ದರಂತೆ. ಮರುದಿನ ಅವರು ಹೊರಟರು, ನಾನು ಇನ್ನೂ ಮಂಡಿಗೆ ಐಸ್ ಇಟ್ಟುಕೊಂಡು ಕೂತಿದ್ದೆ.

ಅರವತ್ತು ದಾಟಿದ ದೇಹ ಒಂದು ದಿನಕ್ಕೆ ಇಪ್ಪತ್ತೈದು ಕಿಲೋಮೀಟರ್ ಬೇಕಾದರೂ ನಡೆದು ತೋರಿಸುತ್ತದೆ. ಮರುದಿನ ಬೆಳಿಗ್ಗೆ ಲೆಕ್ಕ ಕೇಳುತ್ತದೆ. ಮೂವತ್ತರಲ್ಲಿ ರಾತ್ರಿ ಮಲಗಿ ಏಳುವಷ್ಟರಲ್ಲಿ ಸರಿಹೋಗುವ ಸ್ನಾಯುವಿಗೆ ಈಗ ಎರಡು ದಿನ ಬೇಕಾಗಬಹುದು. ಗಾಂಧೀಜಿ 1930ರಲ್ಲಿ ದಂಡಿಗೆ ನಡೆದಾಗ ಅವರಿಗೆ 60. ಸುಮಾರು 385 ಕಿ.ಮೀ.ಗೆ 24 ದಿನ. ಭಾಗಿಸಿ ನೋಡಿ, ನಿಮಗೆ ಲೆಕ್ಕ ಹೇಳಿಕೊಡಬೇಕಾ, ದಿನಕ್ಕೆ ಬರುವುದು 16 ಕಿ.ಮೀ. ಮಾತ್ರ. ಸೋಮವಾರ ಪೂರ್ತಿ ವಿಶ್ರಾಂತಿ. ಅವರ ಜೊತೆಗಿದ್ದವರಲ್ಲಿ ಹೆಚ್ಚಿನವರು ಹುಡುಗರು, ಆದರೂ ಸೋಮವಾರ ಸೋಮವಾರವೇ. ನೀವೂ ದಿನಕ್ಕೆ 15ರಿಂದ 18, ಆರು ದಿನಕ್ಕೊಂದು ರಜೆ ಅಂತ ಇಟ್ಟುಕೊಳ್ಳಿ. ಉಳಿದದ್ದೆಲ್ಲ ಈ ಲೆಕ್ಕಕ್ಕೆ ಹೊಂದಿಕೊಳ್ಳಬೇಕು. ದಾರಿ ಕೂಡ.

ರೋಮ್ ದಾರಿ ಬಿದ್ದುಹೋಗುವುದು ಇಲ್ಲೇ. ಕ್ಯಾಂಟರ್ಬರಿಯಿಂದ ರೋಮ್‌ಗೆ ಹೋಗುವ ವಿಯಾ ಫ್ರಾಂಚಿಜೆನಾ ಸುಮಾರು 2,000 ಕಿ.ಮೀ. ಇಂಗ್ಲೆಂಡು, ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ. ನಡುವೆ 2,469 ಮೀಟರ್ ಎತ್ತರದ ಗ್ರೇಟ್ ಸೇಂಟ್ ಬರ್ನಾರ್ಡ್ ಘಟ್ಟದಾರಿ. ದಿನಕ್ಕೆ 16ರಂತೆ ನಡೆದರೆ 125 ದಿನ, ರಜೆ ಬೇರೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾ ನಮ್ಮ ಪಾಸ್‌ಪೋರ್ಟಿಗೆ ಕೊಡುವುದು ಹೆಚ್ಚೆಂದರೆ 180 ದಿನದಲ್ಲಿ 90 ದಿನ. ಇಂಗ್ಲೆಂಡಿಗೆ ಬೇರೆಯದೇ ವೀಸಾ. ಅಂದರೆ ವೀಸಾ ಮುಗಿಯುತ್ತದಲ್ಲ ಅಂತ ನೀವು ಓಡಬೇಕಾಗುತ್ತದೆ. ವಯಸ್ಸಾದವರ ಕಾಲು ಕೆಡುವುದು ಹೆಚ್ಚಾಗಿ ಹೀಗೇ. ದಾರಿ ದೂರ ಅಂತಲ್ಲ, ತಾರೀಕು ಹತ್ತಿರ ಬಂತು ಅಂತ.

ಲುಂಬಿನಿಗೆ ವೀಸಾ ತಾಪತ್ರಯ ಇಲ್ಲ. ನೇಪಾಳಕ್ಕೆ ನಾವು ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ತೋರಿಸಿ ಹೋಗಬಹುದು. ಆದರೆ ಅದೂ ಎರಡು ಸಾವಿರ ಕಿಲೋಮೀಟರಿಗೂ ಜಾಸ್ತಿ, ಬಹುಪಾಲು ಹೆದ್ದಾರಿ. ಇಲ್ಲಿ ಮಳೆ ಬಿಟ್ಟ ಮೇಲೆ ಹೊರಟರೆ ಉತ್ತರ ಭಾರತ ತಲುಪುವಾಗ ಚಳಿಗಾಲದ ಮಂಜು. ನಮ್ಮ ಮಂಜಿನ ಹಾಗಲ್ಲ ಅದು. ಹತ್ತು ಅಡಿ ಮುಂದಿನ ಲಾರಿ ಕಾಣುವುದಿಲ್ಲ, ಲಾರಿಯವನಿಗೆ ನೀವೂ ಕಾಣುವುದಿಲ್ಲ. ಅದನ್ನು ತಪ್ಪಿಸಿ ನಿಧಾನವಾಗಿ ಹೋದರೆ ಮಾರ್ಚ್ ನಂತರದ ಬಿಸಿಲು. ನಿಮ್ಮ ಹಿಂದೆ ಒಂದು ಗಾಡಿ, ಒಬ್ಬ ಡ್ರೈವರ್ ಇದ್ದರೆ ಮಾತು ಬೇರೆ. ಒಂಟಿಯಾಗಿ ಬೇಡ.

ನನ್ನ ಸಲಹೆ ಪೋರ್ಚುಗಲ್‌ನ ಪೋರ್ಟೊ ನಗರದಿಂದ ಸಾಂಟಿಯಾಗೊವರೆಗಿನ ದಾರಿ. ಅದೂ ಕಮೀನೊವೇ. ಸುಮಾರು 240 ಕಿ.ಮೀ. ದೊಡ್ಡ ಬೆಟ್ಟ ಇಲ್ಲ. ಹೆಚ್ಚುಕಮ್ಮಿ ಅರ್ಧ ದಾರಿಯಲ್ಲಿ ವಲೆನ್ಸಾ ಎಂಬ ಕೋಟೆಯ ಊರು. ಅಲ್ಲಿ ಮಿನ್ಯೊ ನದಿಗೆ ಕಬ್ಬಿಣದ ಸೇತುವೆ. ಈ ಕಡೆ ಪೋರ್ಚುಗಲ್, ಆ ಕಡೆ ಸ್ಪೇನಿನ ತುಯಿ. ನಡೆದೇ ದೇಶ ದಾಟುತ್ತೀರಿ. ಆಚೆ ಕಾಲಿಟ್ಟ ಕೂಡಲೇ ಮೊಬೈಲಿನ ಗಡಿಯಾರ ಒಂದು ಗಂಟೆ ಮುಂದೆ ಹಾರುತ್ತದೆ. ಅದೊಂದು ಮಜಾ. ಅಲ್ಲಿಂದ ಗ್ಯಾಲಿಷಿಯ ಸೀಮೆ ಶುರು. ಹಸಿರು, ಕಲ್ಲಿನ ಕಂಬದ ಮೇಲೆ ಕೂತ ಸಣ್ಣ ಸಣ್ಣ ಕಣಜ, ಮತ್ತೆ ಜಿಟಿಜಿಟಿ ಮಳೆ. ನಮ್ಮ ಜೂನಿನ ಮಳೆ ಕಂಡವರಿಗೆ ಅದು ಮಳೆ ಅಂತಲೇ ಅನ್ನಿಸುವುದಿಲ್ಲ. ಜಿಗಣೆಯೂ ಕಚ್ಚುವುದಿಲ್ಲ! ರಜೆಯೂ ಸೇರಿ 18, 20 ದಿನದಲ್ಲಿ ಆರಾಮವಾಗಿ ಮುಗಿಯುತ್ತದೆ.

"ಬರೀ 240 ಕಿಲೋಮೀಟರಿಗೆ ಯಾರು ಹಣ ಕೊಡುತ್ತಾರೆ" ಅಂತ ನಿಮಗೆ ಅನ್ನಿಸಬಹುದು. 2020ರಲ್ಲಿ ಇಂಗ್ಲೆಂಡಿನ ಕ್ಯಾಪ್ಟನ್ ಟಾಮ್ ಮೂರ್ ತಮ್ಮ 99ನೇ ವಯಸ್ಸಿನಲ್ಲಿ, ತಳ್ಳುಗಾಡಿಯಂಥ ವಾಕರ್ ಹಿಡಿದು, ಮನೆಯಂಗಳದಲ್ಲಿ 25 ಮೀಟರಿನ 100 ಸುತ್ತು ನಡೆದರು. ಒಟ್ಟು ಎರಡೂವರೆ ಕಿಲೋಮೀಟರ್. ಕೂಡಿದ ಹಣ 3 ಕೋಟಿ ಪೌಂಡಿಗೂ ಜಾಸ್ತಿ. ನಮ್ಮಲ್ಲೇ ನೋಡಿ, 1934ರಲ್ಲಿ ಗಾಂಧೀಜಿ ಹರಿಜನ ನಿಧಿಗಾಗಿ ಕೊಡಗಿಗೆ ಬಂದಾಗ ಲೇಖಕಿ ಗೌರಮ್ಮ, ಗಾಂಧೀಜಿಯನ್ನು ಮನೆಗೆ ಕರೆಸಿಕೊಳ್ಳಲು ಉಪವಾಸ ಕೂತು, ಮೈಮೇಲಿನ ಒಡವೆ ಬಿಚ್ಚಿ ಕೊಟ್ಟರು. ಅವರೇನು ಗಾಂಧೀಜಿ ಎಷ್ಟು ಮೈಲಿ ನಡೆದರು ಅಂತ ಕೇಳಿದರಾ? ಜೀಪಿನ ಬಾಡಿಗೆ ಇಲ್ಲದೆ ಡಯಾಲಿಸಿಸ್ ತಪ್ಪಿಸುವ ಜನರ ಮಾತನ್ನು ನೀವು ಪತ್ರದಲ್ಲಿ ಎರಡು ಸಾಲು ಬರೆದಿದ್ದೀರಲ್ಲ, ಅಷ್ಟು ಸಾಕು. ನಮ್ಮೂರಿನವರಿಗೆ ಅದು ಗೊತ್ತಿರುವ ಸಂಕಟ.

ಈಗ ಬಿಪಿ ಮಾತ್ರೆ. ಇದನ್ನು ದಯವಿಟ್ಟು ಎರಡು ಸಲ ಓದಿ.

ಮಾತ್ರೆಯ ಹೆಸರು ನೀವು ಬರೆದಿಲ್ಲ. ಸ್ಟ್ರಿಪ್ ತಿರುಗಿಸಿ ನೋಡಿ. ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್ ಅಂತ ಇದೆಯಾ? ಜೊತೆಗೆ ಎಚ್ ಅಕ್ಷರ ಇದ್ದರೆ ಅದರಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಎಂಬ ಮೂತ್ರ ಹೆಚ್ಚಿಸುವ ಮದ್ದೂ ಬೆರೆತಿರುತ್ತದೆ. ಮನೆಯಲ್ಲಿದ್ದಾಗ ಇದರಿಂದ ಏನೂ ತೊಂದರೆ ಇಲ್ಲ. ಒಳ್ಳೆಯ ಮದ್ದೇ. ದಾರಿಯಲ್ಲಿ ಏನಾಗುತ್ತದೆ ಕೇಳಿ. ಐದು ಗಂಟೆ ನಡೆದು ಬೆವರಿರುತ್ತೀರಿ. ಹಾದಿಯಲ್ಲಿ ಹೆಂಗಸರಿಗೆ ಜಾಗ ಸಿಗುವುದಿಲ್ಲ ಅಂತ ನೀರು ಕಮ್ಮಿ ಕುಡಿದಿರುತ್ತೀರಿ. ಸಂಜೆ ಮಂಡಿ ನೋವು ಅಂತ ಯಾರೋ ಕೊಟ್ಟ ಡಿಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ನುಂಗುತ್ತೀರಿ. ಕಮೀನೊ ದಾರಿಯಲ್ಲಿ ಐಬುಪ್ರೊಫೆನ್ ಅನ್ನು ಕಡಲೆಕಾಯಿ ಹಂಚಿದ ಹಾಗೆ ಹಂಚುತ್ತಾರೆ, ನಾನೇ ನೋಡಿದ್ದೇನೆ.

ನಿಮ್ಮ ಕಡೆ ತೋಟಗಳಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವುದನ್ನು ನೋಡಿದ್ದೀರಲ್ಲ. ಕೆರೆಯಲ್ಲಿ ನೀರು ಇಳಿದಿದೆ. ಒಳಬರುವ ಪೈಪನ್ನು ಯಾರೋ ಮೆಟ್ಟಿ ನಿಂತಿದ್ದಾರೆ. ಹೊರಹೋಗುವ ಪೈಪು ಅಗಲವಾಗಿ ತೆರೆದಿದೆ. ಜೆಟ್ ಮೇಲೇಳುತ್ತದಾ? ಕಿಡ್ನಿಯಲ್ಲೂ ಹಾಗೇ. ಮೂತ್ರದ ಮದ್ದು ಮತ್ತು ಬೆವರು ಸೇರಿ ನೀರು ಇಳಿಸುತ್ತವೆ. ನೋವಿನ ಮಾತ್ರೆ ಕಿಡ್ನಿಗೆ ರಕ್ತ ತರುವ ನಾಳವನ್ನು ಕಿರಿದು ಮಾಡುತ್ತದೆ. ಟೆಲ್ಮಿಸಾರ್ಟನ್ ಗುಂಪಿನ ಮದ್ದು ಹೊರಹೋಗುವ ನಾಳವನ್ನು ಹಿಗ್ಗಿಸಿರುತ್ತದೆ. ಸೋಸಲು ಬೇಕಾದ ಒತ್ತಡವೇ ಉಳಿಯುವುದಿಲ್ಲ. ಒಂದೊಂದೇ ಆದರೆ ಕಿಡ್ನಿ ತಡೆದುಕೊಳ್ಳುತ್ತದೆ. ಮೂರೂ ಕೂಡಿದರೆ ಕೆಲವೇ ದಿನದಲ್ಲಿ ಕೈಕೊಡಬಹುದು. ಡಯಾಲಿಸಿಸ್‌ನವರಿಗೆ ಹಣ ಕೂಡಿಸಲು ಹೋದವರು ಆ ವಾರ್ಡಿಗೇ ಸೇರಬಾರದು, ಅಲ್ವಾ?

ಆದ್ದರಿಂದ ನೋವಿಗೆ ಪ್ಯಾರಸಿಟಮಾಲ್ ಮಾತ್ರ. 650ರ ಮಾತ್ರೆ ದಿನಕ್ಕೆ ನಾಲ್ಕು ದಾಟಬಾರದು. ಮಂಡಿಗೆ ಬೇಕಾದರೆ ಮೇಲಿಂದ ಜೆಲ್ ಹಚ್ಚಿ. ವಾಂತಿಭೇದಿಯಾದ ದಿನ ಬಿಪಿ ಮಾತ್ರೆ ಏನು ಮಾಡಬೇಕು ಅಂತ ನಿಮ್ಮ ಡಾಕ್ಟರಿಂದ ಈಗಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಹಾಗಂತ ಗಟಗಟ ನೀರು ಕುಡಿದುಕೊಂಡೇ ಇರುವುದೂ ತಪ್ಪು. ಮೂತ್ರದ ಮದ್ದು ತೆಗೆದುಕೊಳ್ಳುವವರಿಗೆ ಸೋಡಿಯಂ ಇಳಿದು ತಲೆ ಮಂಕಾಗುತ್ತದೆ. ಬಾಯಾರಿದಾಗ ಕುಡಿಯಿರಿ, ಊಟದಲ್ಲಿ ಉಪ್ಪಿರಲಿ, ಮೂತ್ರದ ಬಣ್ಣ ನೋಡಿಕೊಳ್ಳಿ. ಹೊರಡುವ ಮೊದಲು ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ, ಸಕ್ಕರೆ, ಇಸಿಜಿ ಮಾಡಿಸಿ. ಟ್ರೆಡ್‌ಮಿಲ್ ಪರೀಕ್ಷೆ ಬೇಕಾ ಅನ್ನುವುದನ್ನು ನಿಮ್ಮ ಡಾಕ್ಟರೇ ಹೇಳಲಿ. ಮೂಳೆಯ ಸಾಂದ್ರತೆಯ ಸ್ಕ್ಯಾನ್ ಕೂಡ ಒಳ್ಳೆಯದು. ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾಗುವುದು ಗೊತ್ತೇ ಆಗುವುದಿಲ್ಲ. ಮಾತ್ರೆಯ ಚೀಟಿಯಲ್ಲಿ ಕಂಪನಿ ಇಟ್ಟ ಹೆಸರಿನ ಬದಲು ಮದ್ದಿನ ಮೂಲ ಹೆಸರು ಇರಲಿ. ನಮ್ಮ ಕಂಪನಿ ಹೆಸರು ಹೇಳಿದರೆ ಪೋರ್ಟೊದ ಔಷಧ ಅಂಗಡಿಯವರು ಮುಖ ನೋಡುತ್ತಾರೆ ಅಷ್ಟೇ.

ಮಂಡಿ ಇಳಿಜಾರಿನಲ್ಲಿ ಮಾತ್ರ ನೋಯುತ್ತದೆ ಅಂದಿರಿ. ಹಾಗಿದ್ದರೆ ಬಹಳ ಸಲ ತೊಡೆಯ ಮುಂದಿನ ಸ್ನಾಯು ಸೋತಿರುತ್ತದೆ. ಇಳಿಯುವಾಗ ಬ್ರೇಕ್ ಹಾಕುವುದು ಅದೇ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕೈಯಿಲ್ಲದ ಕುರ್ಚಿಯಲ್ಲಿ ಕೂತು, ಎರಡೂ ಕೈ ಎದೆಗೆ ಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಣಿಸಿ. 60ರಿಂದ 64ರ ಹೆಂಗಸರಿಗೆ 12ಕ್ಕಿಂತ ಕಮ್ಮಿ ಬಂದರೆ ಕಾಲಿನ ಬಲ ಸಾಲದು ಅಂತ ಲೆಕ್ಕ. ಕಮ್ಮಿ ಬಂದರೆ ಬೇಜಾರು ಬೇಡ. ಅದೇ ಪರೀಕ್ಷೆಯೇ ವ್ಯಾಯಾಮ. ದಿನಕ್ಕೆ ಮೂರು ಸಲ ಮಾಡಿ, ಕೂರುವಾಗ ನಿಧಾನವಾಗಿ ಕೂರಿ. ಮಂಡಿ ಊದಿದರೆ, ಸಿಕ್ಕಿಹಾಕಿಕೊಂಡರೆ, ನಡೆಯುವಾಗ ಕುಸಿದರೆ ಮಾತ್ರ ಮೂಳೆ ಡಾಕ್ಟರ ಹತ್ತಿರ ಹೋಗಿ. ಎರಡು ಕೋಲು ಹಿಡಿದೇ ನಡೆಯಿರಿ. ಇಳಿಯುವಾಗ ಮಂಡಿಯ ಭಾರ ಕೈಗೂ ಹಂಚಿಹೋಗುತ್ತದೆ. ನೋಡಿದವರು ನಗುತ್ತಾರೆ, ನಗಲಿ ಬಿಡಿ.

ಶೂ ಕೊಳ್ಳಲು ಸಂಜೆ ಹೊತ್ತು ಹೋಗಿ, ಆಗ ಕಾಲು ಊದಿರುತ್ತದೆ. ನಡೆಯುವಾಗ ಹಾಕುವ ಸಾಕ್ಸನ್ನೇ ಹಾಕಿ ನೋಡಿ. ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಇರಲಿ. ಇದಿಲ್ಲದೇ ನನ್ನ ಉಗುರು ಹೋದದ್ದು. ಬಿಪಿಗೆ ಆಮ್ಲೋಡಿಪಿನ್ ತೆಗೆದುಕೊಳ್ಳುವವರಿಗೆ ಪಾದ ಊದುವುದು ಜಾಸ್ತಿ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಮೆರಿಕದ ಎಮ್ಮಾ ಗೇಟ್‌ವುಡ್ ಎಂಬ ಅಜ್ಜಿ 1955ರಲ್ಲಿ, 67ನೇ ವಯಸ್ಸಿಗೆ, ಮೂರು ಸಾವಿರ ಕಿಲೋಮೀಟರಿಗೂ ಉದ್ದದ ಅಪಲಾಚಿಯನ್ ಬೆಟ್ಟದಾರಿಯನ್ನು ಕ್ಯಾನ್ವಾಸ್ ಶೂನಲ್ಲಿ, ಹೆಗಲಿಗೊಂದು ಬಟ್ಟೆಚೀಲ ಹಾಕಿ ಮುಗಿಸಿದರು. ಶೂ ದುಬಾರಿಯದೇ ಆಗಬೇಕಿಲ್ಲ, ನಿಮ್ಮ ಕಾಲಿಗೆ ಹೊಂದಿದ್ದು ಆಗಬೇಕು. ಬೆನ್ನಿನ ಚೀಲ ನಿಮ್ಮ ತೂಕದ ಹತ್ತರಲ್ಲೊಂದು ಭಾಗ ದಾಟಬಾರದು. ಆ ದಾರಿಯಲ್ಲಿ ಸ್ವಲ್ಪ ಯೂರೋ ಕೊಟ್ಟರೆ ಚೀಲವನ್ನು ಮುಂದಿನ ಊರಿಗೆ ಗಾಡಿಯಲ್ಲಿ ತಲುಪಿಸುತ್ತಾರೆ. ನಾಚಿಕೆಯಿಲ್ಲದೆ ಕಳಿಸಿ. ತಂಗುಮನೆಗಳಲ್ಲಿ ಮಹಡಿ ಮಂಚ ಇರುತ್ತದೆ, ಕೆಳಗಿನದೇ ಬೇಕು ಅಂತ ಕೇಳಿ ಪಡೆಯಿರಿ. ರಾತ್ರಿ ಎರಡು ಗಂಟೆಗೆ ಬಾತ್‌ರೂಮಿಗೆ ಹೋಗಲು ಏಣಿ ಇಳಿಯುವುದು ಪಿರೆನೀಸ್ ಇಳಿಯುವುದಕ್ಕಿಂತ ಅಪಾಯ.

ಹಣದ ವಿಷಯಕ್ಕೆ ಬರುತ್ತೇನೆ. ಒಳ್ಳೆಯವರು ಕೆಟ್ಟ ಹೆಸರು ತಂದುಕೊಳ್ಳುವುದು ಇಲ್ಲೇ. ಜನರ ದುಡ್ಡು ನಿಮ್ಮ ಸ್ವಂತ ಖಾತೆಗೆ ಬರಲೇಬಾರದು. ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ರೂಪಾಯಿಗಿಂತ ಜಾಸ್ತಿ ಬಂದರೆ ಅದು ನಿಮ್ಮ ಆದಾಯ ಅಂತ ತೆರಿಗೆ ಬೀಳುತ್ತದೆ. ಕಿಡ್ನಿ ರೋಗಿಗಳಿಗೆ ನೆರವಾಗುವ, ಕೊಡುವವರಿಗೆ ತೆರಿಗೆ ರಿಯಾಯಿತಿ ಸಿಗುವ, 80ಜಿ ಅಂತ ಜನ ಕರೆಯುವ ಮಾನ್ಯತೆ ಇರುವ ಒಂದು ಟ್ರಸ್ಟ್ ಹುಡುಕಿ. ನಿಮ್ಮ ನಡಿಗೆಯ ಹಣ ಜೀಪು, ಆಟೋ ಬಾಡಿಗೆಗೆ ಮಾತ್ರ ಅಂತ ಅವರಿಂದ ಬರಹದಲ್ಲಿ ತೆಗೆದುಕೊಳ್ಳಿ. ಕೊಡುವವರು ನೇರ ಅಲ್ಲಿಗೇ ಕಳಿಸಲಿ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟವರಿಗೆ 80ಜಿ ಲಾಭ ಸಿಗುವುದಿಲ್ಲ, ಮೊದಲೇ ಹೇಳಿಬಿಡಿ.

ದಾರಿಯಲ್ಲಿ ಯಾರೋ ಜರ್ಮನಿಯವರು ನಿಮ್ಮ ಕಥೆ ಕೇಳಿ ಕಣ್ಣೀರು ಹಾಕಿ 20 ಯೂರೋ ಕೊಡುತ್ತಾರೆ. ಕೈಮುಗಿದು ಬೇಡ ಅನ್ನಿ. ವಿದೇಶಿ ದೇಣಿಗೆಗೆ ನಮ್ಮಲ್ಲಿ ಎಫ್‌ಸಿಆರ್‌ಎ ಕಾನೂನು ಇದೆ. ಅದರಡಿ ನೋಂದಾಯಿಸಿಕೊಂಡ ಸಂಸ್ಥೆ, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಅದಕ್ಕಾಗಿಯೇ ತೆರೆದ ಖಾತೆಯಲ್ಲೇ ಪಡೆಯಬೇಕು. ನಮ್ಮ ಮನೆಗಳಲ್ಲಿ ಒಬ್ಬೊಬ್ಬರಾದರೂ ಹೊರದೇಶದಲ್ಲಿ ಇರುತ್ತಾರಲ್ಲ, ಅವರ ವಿಷಯ ಹೀಗೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಸಂಪಾದನೆಯಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪಾಸ್‌ಪೋರ್ಟ್ ಪಡೆದ ಅಣ್ಣನ ಮಗ ಕೊಟ್ಟರೆ ಅದು ವಿದೇಶಿಯೇ, ಎಷ್ಟೇ ಕೊಡಗಿನವನಾದರೂ.

ಟಿಕೆಟ್, ಊಟ, ವಸತಿ ಪೂರ್ತಿ ನಿಮ್ಮ ಪೆನ್ಷನ್ ಹಣದಿಂದ ಆಗಲಿ. ಮೊದಲ ದಿನವೇ ಅದನ್ನು ಎಲ್ಲರಿಗೂ ಹೇಳಿ. ಇನ್ಶೂರೆನ್ಸ್ ಮಾಡಿಸುವಾಗ ಬಿಪಿ ಇದೆ ಅಂತ ಬರೆಯಲೇಬೇಕು. ನನ್ನ ಪರಿಚಯದ ಒಬ್ಬರು ಏಜೆಂಟ್ ಮಾತು ಕೇಳಿ ಸಕ್ಕರೆ ಕಾಯಿಲೆ ಮುಚ್ಚಿಟ್ಟರು, ಆಸ್ಪತ್ರೆ ಬಿಲ್ ಬಂದಾಗ ಒಂದು ರೂಪಾಯಿ ಸಿಗಲಿಲ್ಲ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು. ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಬೇಕು.

ಮಗನ ಮೇಲೆ ಸಿಟ್ಟು ಬೇಡ. ಅಪ್ಪನನ್ನು ಕಳೆದುಕೊಂಡ ಹುಡುಗ, ಹೆದರಿದ್ದಾನೆ. ಅವನ ಹತ್ತಿರ ವಾದ ಮಾಡುವ ಬದಲು ರಕ್ತಪರೀಕ್ಷೆಯ ರಿಪೋರ್ಟ್ ಕೈಗೆ ಕೊಡಿ. ದಿನಾ ಸಂಜೆ ಎಲ್ಲಿದ್ದೀರಿ ಅಂತ ಲೊಕೇಶನ್ ಕಳಿಸುತ್ತೇನೆ ಅನ್ನಿ. ಆ ದಾರಿಯಲ್ಲಿ ಒಂಟಿಯಾಗಿ ನಡೆಯುವ ಹೆಂಗಸರು ಬೇಕಾದಷ್ಟು ಜನ ಸಿಗುತ್ತಾರೆ. ತುರ್ತು ನಂಬರ್ 112, ಅಲ್ಲೂ ಅದೇ, ಇಲ್ಲೂ ಅದೇ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಎದುರಿನ ಗಾಡಿ ಕಾಣುವ ಹಾಗೆ ನಡೆಯಬೇಕು. ನಮ್ಮಲ್ಲಿ ಅದು ಬಲಗಡೆ. ಅಲ್ಲಿ ಗಾಡಿಗಳು ಬಲಕ್ಕೆ ಓಡುವುದರಿಂದ ನೀವು ಎಡಗಡೆ. ಮೊದಲ ಎರಡು ದಿನ ಇದು ಮರೆತುಹೋಗುತ್ತದೆ.

ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಈಗಷ್ಟೇ ಮುಗಿದಿದೆ. ಮೇ ತಿಂಗಳಿಗೆ ಹೊರಡುವುದಾದರೆ ಎಂಟು ತಿಂಗಳು ಕೈಯಲ್ಲಿದೆ, ಧಾರಾಳ. ಮಳೆ ಬಿಡುವವರೆಗೆ ಕುರ್ಚಿ ಮತ್ತು ಮೆಟ್ಟಿಲು. ಅಕ್ಟೋಬರಿನಿಂದ ದಿನ ಬಿಟ್ಟು ದಿನ ಐದು ಕಿಲೋಮೀಟರ್. ವಾರವಾರ ಒಂದೊಂದು ಚೂರು ಏರಿಸಿ. ಮಾರ್ಚ್ ಕೊನೆಗೆ ಚೀಲ ಹೊತ್ತು ಸತತ ಮೂರು ದಿನ 15 ಕಿಲೋಮೀಟರ್ ಆಗಬೇಕು. ರೋಬಸ್ಟಾ ಕುಯ್ಲಿನ ಸಮಯದಲ್ಲಿ ತೋಟದಲ್ಲಿ ಓಡಾಡಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಬೆಳಕು ಹರಿಯುವ ಮೊದಲು ಮನೆ ಬಿಡಬೇಡಿ. ಹೋದ ವರ್ಷ ಮಂಜಿನಲ್ಲಿ ವಾಕಿಂಗ್ ಹೊರಟವನು ರಸ್ತೆಯ ಮೇಲೆ ಹಬೆಯಾಡುವ ಆನೆ ಲದ್ದಿ ನೋಡಿ ಸದ್ದಿಲ್ಲದೆ ವಾಪಸ್ ಬಂದಿದ್ದೇನೆ.

ಟಿಕೆಟ್ ಗಿಕೆಟ್ ಈಗಲೇ ಬೇಡ. ಮೊದಲು ಪರೀಕ್ಷೆಗಳನ್ನು ಮಾಡಿಸಿ. ಅಕ್ಟೋಬರ್ 17ರ ಹೊತ್ತಿಗೆ ಕಾವೇರಿ ಸಂಕ್ರಮಣ, ಆ ಜನವೆಲ್ಲ ಕರಗಲಿ. ನವೆಂಬರಿನಲ್ಲಿ ಒಂದು ದಿನ ಬಸ್ಸಿನಲ್ಲಿ ಭಾಗಮಂಡಲಕ್ಕೆ ಹೋಗಿ, ಅಲ್ಲಿಂದ ತಲಕಾವೇರಿಗೆ 8 ಕಿಲೋಮೀಟರ್ ಏರು ನಡೆಯಿರಿ. ಕೋಲು ಇರಲಿ, ಆತುರ ಬೇಡ. ವಾಪಸ್ ಗಾಡಿಯಲ್ಲಿ ಬನ್ನಿ, ಇಳಿಯುವುದನ್ನು ಇನ್ನೊಂದು ವಾರಕ್ಕೆ ಇಟ್ಟುಕೊಳ್ಳೋಣ. ಆಮೇಲೆ ನನಗೆ ಬರೆಯಿರಿ. ಎಷ್ಟು ಹೊತ್ತಿಗೆ ಹತ್ತಿದಿರಿ ಅನ್ನುವುದು ನನಗೆ ಬೇಡ. ಮರುದಿನ ಬೆಳಿಗ್ಗೆ ಎದ್ದು ಕಾಫಿ ಕಾಯಿಸಲು ಅಡುಗೆಮನೆಗೆ ಹೋದಿರಲ್ಲ, ಆ ಹತ್ತು ಹೆಜ್ಜೆ ಹೇಗಿತ್ತು, ಅದನ್ನು ಬರೆಯಿರಿ.